ಕಠ್ಮಂಡುವಿಗೆ ಮೊದಲ ಸಲ: ಸದಸ್ಯರ ಪ್ರಶ್ನೆ, ಟೂರ್ ಮ್ಯಾನೇಜರ್ ಉತ್ತರ

ಪ್ರಶ್ನೆ (ಮೈಸೂರಿನ ಸದಸ್ಯೆ): ನಮಸ್ಕಾರ ಸರ್. ನವೆಂಬರ್ ಎರಡನೇ ವಾರ ಕಠ್ಮಂಡುವಿಗೆ ಹೊರಟಿದ್ದೇವೆ. ನಾನು, ಯಜಮಾನರು, 12 ವರ್ಷದ ಮಗಳು, 72 ವರ್ಷದ ಅತ್ತೆ. ನಾಲ್ಕು ರಾತ್ರಿ ಇರ್ತೀವಿ. ಪಾಸ್‌ಪೋರ್ಟ್ ಇರೋದು ಯಜಮಾನರಿಗೆ ಮಾತ್ರ. ಉಳಿದವರಿಗೆಲ್ಲ ಆಧಾರ್ ಇದೆ. ವೀಸಾ ಬೇಡ ಅಂತಾರಲ್ಲ, ಇಷ್ಟು ಸಾಕಾ?

ಉತ್ತರ (ಟೂರ್ ಮ್ಯಾನೇಜರ್): ನಮಸ್ಕಾರ ಮೇಡಂ. ವೀಸಾ ಬೇಡ ಅನ್ನೋದು ನಿಜ. ಆದರೆ ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದೊಳಗಿನವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಬೇಕು. ಆಧಾರ್, ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ತೊಂದರೆ ಇರುವುದು ನಿಮಗೊಬ್ಬರಿಗೇ. ಅತ್ತೆಯವರು 65 ದಾಟಿದ್ದಾರೆ, ಮಗಳು 15ರೊಳಗಿದ್ದಾಳೆ, ಅವರಿಬ್ಬರಿಗೂ ಆಧಾರ್ ಆಗುತ್ತದೆ. ಮಗಳ ಶಾಲೆಯ ಐಡಿ ಕಾರ್ಡನ್ನೂ ಜೊತೆಗಿಡಿ. ನೀವು ವೋಟರ್ ಐಡಿ ಅಸಲು ಕಾರ್ಡ್ ಹುಡುಕಿಡಿ. ಮೊಬೈಲಿನಲ್ಲಿರುವ ಫೋಟೊ, ಜೆರಾಕ್ಸ್ ನಂಬಿಕೊಂಡು ಹೊರಡಬೇಡಿ.

ಇನ್ನೊಂದು ವಿಷಯ, ಟಿಕೆಟ್‌ನಲ್ಲಿರುವ ಹೆಸರು ಕಾರ್ಡಿನಲ್ಲಿ ಇರುವ ಹಾಗೇ ಇರಲಿ. ಹಳೆಯ ವೋಟರ್ ಐಡಿಗಳಲ್ಲಿ ಇನಿಷಿಯಲ್ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುವುದು ಸಾಮಾನ್ಯ. ಆಧಾರ್ ನೋಡಿ ಟಿಕೆಟ್ ಮಾಡಿಸಿ, ಕೌಂಟರ್‌ನಲ್ಲಿ ವೋಟರ್ ಐಡಿ ತೋರಿಸಿದರೆ ತಕರಾರು ಅಲ್ಲೇ ಶುರು. ನೇಪಾಳ ಅಂದರೆ ಪಕ್ಕದ ಮನೆ ಅನ್ನುವ ಧೈರ್ಯದಲ್ಲಿ ಬಂದವರು ಚೆಕ್-ಇನ್ ಕೌಂಟರ್‌ನಿಂದಲೇ ವಾಪಸ್ ಆಗುವುದು ಇಂಥದ್ದಕ್ಕೇ.

ಅದೇ ಸದಸ್ಯೆ: ದೆಹಲಿ ಮೇಲೆ ಹೋಗೋದು. ಎರಡು ಟಿಕೆಟ್ ಬೇರೆ ಬೇರೆ ತಗೊಂಡ್ರೆ ಸ್ವಲ್ಪ ಅಗ್ಗ ಆಗ್ತಿದೆ.

ಉತ್ತರ: ಅತ್ತೆಯವರು ಜೊತೆಗಿರುವಾಗ ಆ ಉಳಿತಾಯ ಬೇಡ. ಒಂದೇ ಪಿಎನ್‌ಆರ್ ಇದ್ದರೆ ಬೆಂಗಳೂರಿನಲ್ಲಿ ಕೊಟ್ಟ ಲಗೇಜನ್ನು ಸಾಮಾನ್ಯವಾಗಿ ಕಠ್ಮಂಡುವಿನಲ್ಲೇ ತೆಗೆದುಕೊಳ್ಳಬಹುದು, ಚೆಕ್-ಇನ್‌ನಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಸೇರಿಸುವ ಹೊಣೆಯೂ ವಿಮಾನ ಕಂಪನಿಯದೇ. ಬೇರೆ ಬೇರೆ ಟಿಕೆಟ್ ಆದರೆ ದೆಹಲಿಯಲ್ಲಿ ಲಗೇಜ್ ಬಿಡಿಸಿಕೊಂಡು, ಟರ್ಮಿನಲ್ ಬದಲಿಸಬೇಕಾದರೆ ಬದಲಿಸಿ, ಮತ್ತೆ ಚೆಕ್-ಇನ್, ಇಮಿಗ್ರೇಷನ್, ಸೆಕ್ಯುರಿಟಿ. ಅದಕ್ಕೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಹಾಕಿಸಿ.

ದೆಹಲಿಯಿಂದ ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ. ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿದ್ದರೆ ಹಿಮದ ಸಾಲು ಉದ್ದಕ್ಕೂ ಕಾಣುತ್ತದೆ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ, ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ದುಡ್ಡಿಂದು ಹೆಂಗ್ರೀ ಸರ? ನಮ್ಮ ನೋಟ್ ನಡೀತಾವ? ಯುಪಿಐ ನಡೀತೈತಿ ಅಂತಾರ. ನಮ್ಮ ಹತ್ರ ಒಂದು ಫಾರೆಕ್ಸ್ ಕಾರ್ಡನೂ ಐತಿ.

ಉತ್ತರ: ಫಾರೆಕ್ಸ್ ಕಾರ್ಡ್, ಅಂದರೆ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್, ಮನೆಯಲ್ಲೇ ಬಿಡಿ. ನಮ್ಮ ಬ್ಯಾಂಕುಗಳ ಫಾರೆಕ್ಸ್ ಕಾರ್ಡ್ ನೇಪಾಳ, ಭೂತಾನದಲ್ಲಿ ನಡೆಯುವುದಿಲ್ಲ.

ನಗದು ಅಂದರೆ ನೂರರ ನೋಟು. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಆಮೇಲೆ ಸಡಿಲಿಕೆಯ ಮಾತು ಬಂದರೂ ಅಂಗಡಿಯವರ ಅಂಜಿಕೆ ಹೋಗಿಲ್ಲ, 500ರ ನೋಟು ಕಂಡರೆ ಕೈ ಹಿಂದೆ ಎಳೆಯುತ್ತಾರೆ. ನೂರರ ಒಂದೆರಡು ಕಟ್ಟು ಬ್ಯಾಂಕಿನಿಂದ ತಂದಿಟ್ಟುಕೊಂಡರೆ ಈ ಚರ್ಚೆಯೇ ಬೇಡ.

ದರ ಸ್ಥಿರ: ನಮ್ಮ 100ಕ್ಕೆ ಅವರ 160. 1993ರಿಂದ ಹೀಗೇ ಇದೆ. ಬಾಯಿಲೆಕ್ಕಕ್ಕೆ ಎಂಟಕ್ಕೆ ಐದು ಅಂತ ಇಟ್ಟುಕೊಳ್ಳಿ, ಅವರ 800 ಅಂದರೆ ನಮ್ಮ 500. ಜನ ಮೋಸಹೋಗುವುದು ಈ ದರದಲ್ಲಲ್ಲ, ಐಸಿ–ಎನ್‌ಸಿಯಲ್ಲಿ. ಅಲ್ಲಿ ಭಾರತದ ರೂಪಾಯಿಗೆ ‘ಐಸಿ’, ನೇಪಾಳದ್ದಕ್ಕೆ ‘ಎನ್‌ಸಿ’ ಅನ್ನುತ್ತಾರೆ. ಟ್ಯಾಕ್ಸಿಯವನು ಹಿಂದಿಯಲ್ಲಿ “ಪಾಂಚ್ ಸೌ” ಅಂದ, ನೀವು ನೇಪಾಳಿ ಅಂದುಕೊಂಡು ಹತ್ತಿದಿರಿ. ಇಳಿಯುವಾಗ ಅವನು ಐಸಿ ಅಂದರೆ ಅದು 800 ಎನ್‌ಸಿ ಆಯಿತು. ಹತ್ತುವ ಮೊದಲೇ “ಎನ್‌ಸಿ ನಾ?” ಅಂತ ಕೇಳಿ, ಅವನ ಬಾಯಿಂದಲೇ ಹೇಳಿಸಿ.

ಯುಪಿಐ 2024ರಿಂದ ಫೋನ್‌ಪೇ ಕ್ಯೂಆರ್ ಮೇಲೆ ನಡೆಯುತ್ತಿದೆ. ಇದು ನೇಪಾಳದ ಫೋನ್‌ಪೇ. ಹೆಸರು ಒಂದೇ ಥರ ಕೇಳಿಸಿದರೂ ನಮ್ಮ ಮೊಬೈಲಿನ ಫೋನ್‌ಪೇ ಆ್ಯಪ್‌ಗೂ ಅದಕ್ಕೂ ಸಂಬಂಧವಿಲ್ಲ. ಹೊರಡುವ ಮುಂಚೆ ನಿಮ್ಮ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಯುಪಿಐ ಆನ್ ಮಾಡಿ, ನಿಮ್ಮ ಬ್ಯಾಂಕ್ ಒಪ್ಪುತ್ತದೆಯೇ ನೋಡಿ. ಇಲ್ಲಿಯ ಸಿಮ್ ತೆಗೆದು ನೇಪಾಳದ ಸಿಮ್ ಹಾಕಿದರೆ ಆ್ಯಪ್ ಮುನಿಸಿಕೊಳ್ಳುತ್ತದೆ, ಹಾಗಾಗಿ ಭಾರತದ ಸಿಮ್ ಮೊದಲ ಸ್ಲಾಟ್‌ನಲ್ಲೇ ಇರಲಿ, ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ಎರಡನೆಯದಕ್ಕೆ. ಕ್ಯೂಆರ್ ಹಣ ಹೋಗುವುದು ವ್ಯಾಪಾರಿ ಖಾತೆಗಳಿಗೆ ಮಾತ್ರ. ಹೂವಿನವಳು, ಚಹಾ ಗಾಡಿ, ಚಪ್ಪಲಿ ಕಾಯುವವನು, ಇವರಿಗೆಲ್ಲ ಚಿಲ್ಲರೆ ಬೇಕೇ ಬೇಕು.

ಪ್ರಶ್ನೆ (ಮೈಸೂರಿನ ಸದಸ್ಯೆ): ಎಲ್ಲರೂ ಥಮೇಲ್‌ನಲ್ಲೇ ರೂಮ್ ಮಾಡಿ ಅಂತಾರೆ. ಅತ್ತೆಗೆ ಮಂಡಿನೋವು ಬೇರೆ.

ಉತ್ತರ: ಥಮೇಲ್ ಪ್ರವಾಸಿಗರ ಗದ್ದಲದ ಬಡಾವಣೆ, ವಯಸ್ಸಿನ ಹುಡುಗರಿಗೆ ಸರಿ. ಕೆಲವು ಓಣಿಗಳಿಗೆ ಕಾರು ಬಿಡುವುದಿಲ್ಲ, ಹೋಟೆಲ್ ಬಾಗಿಲಿನವರೆಗೆ ನಡೆಯಬೇಕಾಗುತ್ತದೆ. ರಾತ್ರಿ ಹನ್ನೊಂದಕ್ಕೂ ಡಿಜೆ ಸದ್ದು. ನಿಮಗೆ ಬೌದ್ಧನಾಥದ ಸುತ್ತಮುತ್ತ ಅಥವಾ ಲಾಜಿಂಪಾಟ್ ಒಳ್ಳೆಯದು. ಬೌದ್ಧದಿಂದ ಪಶುಪತಿನಾಥಕ್ಕೂ ಏರ್‌ಪೋರ್ಟಿಗೂ ಹತ್ತಿರ.

ಬುಕ್ ಮಾಡುವ ಮುಂಚೆ ಮೂರು ವಿಷಯ ಫೋನಿನಲ್ಲೇ ಕೇಳಿ: ಲಿಫ್ಟ್ ಇದೆಯಾ, ಕಾರು ಬಾಗಿಲಿಗೆ ಬರುತ್ತದೆಯಾ, ರೂಮಿಗೆ ಹೀಟರ್ ಕೊಡುತ್ತೀರಾ. ನವೆಂಬರ್ ಮಧ್ಯಾಹ್ನ ಹಿತವಾದ ಬಿಸಿಲು, ಆದರೆ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮಧ್ಯಮ ದರದ ಹೋಟೆಲ್‌ಗಳಲ್ಲಿ ಗೋಡೆ ತಣ್ಣಗೆ ಕೊರೆಯುತ್ತದೆ. ಸ್ವೆಟರ್, ಉಲ್ಲನ್ ಸಾಕ್ಸ್ ಇರಲಿ. ನಮ್ಮ ಚಾರ್ಜರ್ ಪಿನ್ ಹಾಗೇ ಕೂರುತ್ತದೆ, ಅಡಾಪ್ಟರ್ ಬೇಡ.

ಏರ್‌ಪೋರ್ಟಿನಿಂದ ಪ್ರೀಪೇಯ್ಡ್ ಟ್ಯಾಕ್ಸಿ ಸಿಗುತ್ತದೆ. ಊರೊಳಗೆ ಓಡಾಡಲು ಪಠಾವೊ, ಇನ್‌ಡ್ರೈವ್ ಆ್ಯಪ್‌ಗಳು. ಅವುಗಳಲ್ಲಿ ಬೈಕೂ ಬರುತ್ತದೆ, ಕಾರು ಆರಿಸಿದ್ದೀರಾ ನೋಡಿಕೊಳ್ಳಿ. ಬೀದಿಯ ಟ್ಯಾಕ್ಸಿಗಳಲ್ಲಿ ಮೀಟರ್ ಇದೆ, ಹಾಕುವವರು ಕಡಿಮೆ.

ಪ್ರಶ್ನೆ (ಉಡುಪಿಯ ಸದಸ್ಯರು): ಪಶುಪತಿನಾಥದಲ್ಲಿ ನಮ್ಮ ಕಡೆಯ ಭಟ್ಟರೇ ಪೂಜೆ ಮಾಡುವುದಂತೆ. ಅವರ ಮೂಲಕ ದರ್ಶನಕ್ಕೆ ಏನಾದರೂ ಅನುಕೂಲ ಆಗ್ತದಾ?

ಉತ್ತರ: ಪೂಜೆ ಮಾಡುವ ಭಟ್ಟರು ಕರ್ನಾಟಕದ ವೈದಿಕ ಮನೆತನಗಳವರು ಅನ್ನುವುದು ನಿಜ. ಲಿಂಗ ಮುಟ್ಟುವ ಅಧಿಕಾರ ಅವರಿಗೇ. 2009ರಲ್ಲಿ ಆಗಿನ ಸರ್ಕಾರ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಲು ಹೋಗಿ, ಭಾರೀ ವಿರೋಧ ಬಂದು ಹಿಂದೆ ಸರಿಯಬೇಕಾಯಿತು. ಆದರೆ ಕನ್ನಡದವರು ಎಂಬ ಕಾರಣಕ್ಕೆ ಸಾಲು ತಪ್ಪುವುದಿಲ್ಲ, ಅವರು ಗರ್ಭಗುಡಿಯ ಕೆಲಸದಲ್ಲಿ ಇರುತ್ತಾರೆ. ಅಭಿಷೇಕ, ವಿಶೇಷ ಪೂಜೆ ಬೇಕಿದ್ದರೆ ದೇವಸ್ಥಾನದ ಕೌಂಟರ್‌ನಲ್ಲಿ ರಸೀದಿ ಮಾಡಿಸಿ. ಹೊರಗಡೆ ಹಣೆಗೆ ವಿಭೂತಿ ಹಚ್ಚಿಕೊಂಡು “ನಾನು ಭಟ್ಟರ ಕಡೆಯವನು” ಎಂದು ಹಿಂದೆ ಬೀಳುವವರ ಕೈಗೆ ದುಡ್ಡು ಕೊಡಬೇಡಿ.

ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಗರ್ಭಗುಡಿ ಮುಚ್ಚಿ ಸಂಜೆ ತೆಗೆಯುತ್ತಾರೆ. ಗರ್ಭಗುಡಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬೆಳ್ಳಿಯ ಬಾಗಿಲು, ಒಳಗೆ ಚತುರ್ಮುಖ ಲಿಂಗ: ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಭಕ್ತರು ಒಳಗೆ ಹೋಗುವಂತಿಲ್ಲ, ಬಾಗಿಲಲ್ಲೇ ನಿಂತು ನೋಡುವುದು. ಹಾಗಾಗಿ ಒಂದು ಬಾಗಿಲಲ್ಲಿ ಕಂಡು ವಾಪಸ್ ಬರಬೇಡಿ. ಬೆಳಗಿನ ಹೊತ್ತು ಬಾಗಿಲುಗಳು ತೆರೆದಿದ್ದಾಗ ಸುತ್ತು ಹಾಕಿದರೆ ಒಂದೊಂದು ಕಡೆ ಒಂದೊಂದು ಮುಖ. ಜನ ತಪ್ಪಿಸಿಕೊಳ್ಳುವುದು ಇದನ್ನೇ. ಪಶ್ಚಿಮ ಬಾಗಿಲಿನ ಎದುರಿಗೆ ದೊಡ್ಡ ನಂದಿ. ಅಲ್ಲೇ ನೂಕುನುಗ್ಗಲು ಜಾಸ್ತಿ.

ಬೆಲ್ಟ್, ಪರ್ಸ್ ಸೇರಿ ಚರ್ಮದ್ದೇನೂ ಒಳಗೆ ಬೇಡ. ಪ್ರಾಂಗಣದಲ್ಲಿ ಫೋಟೊ ತೆಗೆಯುವಂತಿಲ್ಲ. ಸೋಮವಾರ, ಏಕಾದಶಿ, ಶನಿವಾರ ಜನ ಹೆಚ್ಚು. ಶನಿವಾರ ಅಲ್ಲಿಯ ವಾರದ ರಜೆ. ಸಂಜೆ ಬಾಗ್ಮತಿ ನದಿಯ ಆಚೆ ದಡದಲ್ಲಿ ಆರತಿ ನಡೆಯುತ್ತದೆ, ಮೆಟ್ಟಿಲ ಮೇಲೆ ಕೂತು ನೋಡಬಹುದು. ಎದುರು ದಡದ ಆರ್ಯಘಾಟ್‌ನಲ್ಲಿ ಚಿತೆಗಳು ಉರಿಯುತ್ತಿರುತ್ತವೆ, ಮರೆಯೇನೂ ಇಲ್ಲ. ಮೈಸೂರಿನ ಮೇಡಂ, ಮಗಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಪ್ರಶ್ನೆ (ಮೈಸೂರಿನ ಸದಸ್ಯೆ): ಉಳಿದ ದಿನ ಹೇಗೆ ಹಂಚಿಕೊಳ್ಳೋದು ಸರ್? ಎತ್ತರ ಜಾಗ ಅಂತ ಅತ್ತೆಗೆ ಬಿಪಿ ಭಯ.

ಉತ್ತರ: ಕಠ್ಮಂಡು ಸುಮಾರು 1,400 ಮೀಟರ್, ಊಟಿಗಿಂತ ತಗ್ಗು. ಎತ್ತರದ ಕಾಯಿಲೆಯ ಭಯ ಬೇಡ. ಮಾತ್ರೆ ತಪ್ಪಿಸದಿದ್ದರೆ ಸಾಕು. ತೊಂದರೆ ಕೊಡುವುದು ಧೂಳು, ಮಾಸ್ಕ್ ಇಟ್ಟುಕೊಳ್ಳಿ.

ಬಂದ ದಿನ ಸಂಜೆ ಬೌದ್ಧನಾಥ ಸ್ತೂಪ. ಸಮತಟ್ಟು, ಜನರ ಜೊತೆ ಪ್ರದಕ್ಷಿಣವಾಗಿ ನಿಧಾನ ಸುತ್ತಬಹುದು. ಎರಡನೇ ದಿನ ಬೆಳಿಗ್ಗೆ ಪಶುಪತಿನಾಥ, ಗುಹ್ಯೇಶ್ವರಿ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಆರತಿ. ಮೂರನೇ ದಿನ ಪೂರ್ತಿ ಭಕ್ತಪುರಕ್ಕೆ ಕೊಡಿ. ನಾಲ್ಕನೇ ದಿನ ಬುಢಾನೀಲಕಂಠ, ಸ್ವಯಂಭು ಸ್ತೂಪ, ಆಮೇಲೆ ಕಾಲು ಒಪ್ಪಿದರೆ ಬಸಂತಪುರದ ದರ್ಬಾರ್ ಚೌಕ. ಅಲ್ಲಿ ಜೀವಂತ ದೇವಿ ಎಂದು ಪೂಜಿಸುವ ಬಾಲಕಿ ಕುಮಾರಿಯ ಮನೆಯ ಅಂಗಳಕ್ಕೆ ಹೋಗಬಹುದು. ಮೇಲಿನ ಕಿಟಕಿಯಲ್ಲಿ ಕುಮಾರಿ ಕಾಣಿಸಿಕೊಂಡರೆ ಫೋಟೊ ತೆಗೆಯಬಾರದು.

ಸ್ವಯಂಭುವಿಗೆ ಪೂರ್ವದ ಕಡೆ 365 ಮೆಟ್ಟಿಲು, ಕಡಿದಾದವು. ಟ್ಯಾಕ್ಸಿಯವರು ಅಲ್ಲಿ ಇಳಿಸಿ ಹೋಗಿಬಿಡುತ್ತಾರೆ. “ಪಶ್ಚಿಮದ ಪಾರ್ಕಿಂಗ್” ಎಂದು ಒತ್ತಿ ಹೇಳಿ, ಅಲ್ಲಿಂದ ಮೆಟ್ಟಿಲು ಬಹಳ ಕಡಿಮೆ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಇದ್ದರೆ ಕೋತಿಗಳು ಬಿಡುವುದಿಲ್ಲ. ಬುಢಾನೀಲಕಂಠದಲ್ಲಿ ನೀರಿನ ಕೊಳದಲ್ಲಿ ಶೇಷನ ಮೇಲೆ ಮಲಗಿದ ಕಪ್ಪುಶಿಲೆಯ ವಿಷ್ಣು, ಸುಮಾರು ಐದು ಮೀಟರ್ ಉದ್ದ. ಅತ್ತೆಯವರಿಗೆ ಅದು ಇಷ್ಟವಾಗುತ್ತದೆ, ಹೆಚ್ಚು ನಡಿಗೆಯೂ ಇಲ್ಲ.

ಭಕ್ತಪುರ 13 ಕಿಲೋಮೀಟರ್. ಟಿಕೆಟ್ ಕೌಂಟರ್‌ನಲ್ಲಿ ಐಡಿ ತೋರಿಸಿ ದಕ್ಷಿಣ ಏಷ್ಯಾದ ದೇಶಗಳವರಿಗಿರುವ ಸಾರ್ಕ್ ದರ ಕೇಳಿ, ಬೇರೆ ವಿದೇಶಿಯರ ದರಕ್ಕಿಂತ ಬಹಳ ಕಡಿಮೆ. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ 1934, 2015ರ ಎರಡೂ ಭೂಕಂಪ ತಡೆದುಕೊಂಡು ನಿಂತಿದೆ. ಅದರ ಮೆಟ್ಟಿಲ ಇಕ್ಕೆಲದಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆಗಳು, ಸಿಂಹಗಳು, ಗ್ರಿಫಿನ್ ಎಂಬ ಕಲ್ಪನೆಯ ಮೃಗಗಳು, ಮೇಲೆ ದೇವಿಯರು. ಒಂದೊಂದು ಜೋಡಿಗೆ ತನ್ನ ಕೆಳಗಿನ ಜೋಡಿಯ ಹತ್ತು ಪಟ್ಟು ಬಲ ಅನ್ನುವ ನಂಬಿಕೆ. ಮಗಳಿಗೆ ಎಣಿಸಲು ಹೇಳಿ. ಅತ್ತೆಯವರು ಕೆಳಗೇ ಕೂತು ಮಣ್ಣಿನ ಕುಡಿಕೆಯ ಜುಜು ಧೌ ತಿನ್ನಲಿ, ಗಟ್ಟಿ ಸಿಹಿ ಮೊಸರು ಅದು.

ಉಡುಪಿಯ ಸದಸ್ಯರು: ಭಕ್ತಪುರದ ತಲೇಜು ದೇವಿಗೂ ಕರ್ಣಾಟಕ್ಕೂ ನಂಟು ಉಂಟು ಅಂತ ಕೇಳಿದ್ದೆ.

ಉತ್ತರ: ಮಿಥಿಲೆಯನ್ನು ಆಳಿದ ಕರ್ಣಾಟ ವಂಶ ಅಂತ ಒಂದಿತ್ತು. 1097ರಲ್ಲಿ ನಾನ್ಯದೇವ ಸ್ಥಾಪಿಸಿದ್ದು, ರಾಜಧಾನಿ ಸಿಮ್ರೌನ್‌ಗಢ. ತುಘಲಕ್ ದಾಳಿಗೆ ಸೋತ ಹರಿಸಿಂಹದೇವನ ಮನೆಯವರು ಭಕ್ತಪುರಕ್ಕೆ ಬಂದಾಗ ತಲೇಜುವನ್ನು ಜೊತೆಗೆ ತಂದರು ಅನ್ನುವುದು ಅಲ್ಲಿಯ ಪರಂಪರೆ. ದೇವಾಲಯ ಇರುವುದು ಚಿನ್ನದ ಬಾಗಿಲಿನ ಒಳಗೆ.

ಪ್ರಶ್ನೆ (ತುಮಕೂರಿನ ಸದಸ್ಯರು): ಇದೇ ನಾಲ್ಕು ದಿನದಲ್ಲಿ ಮುಕ್ತಿನಾಥನೂ ಸೇರಿಸಬಹುದಾ?

ಉತ್ತರ: ಬೇಡ ಸರ್. ಪೋಖರಾ ರಸ್ತೆ ಸುಮಾರು 200 ಕಿಲೋಮೀಟರ್ ಆದರೂ ದಿನವೇ ಹಿಡಿಯುತ್ತದೆ. ಅಲ್ಲಿಂದ ಮುಕ್ತಿನಾಥಕ್ಕೆ ಹತ್ತಿರದ ಜೋಮ್‌ಸೋಮ್‌ಗೆ ಚಿಕ್ಕ ವಿಮಾನ, ಅದೂ ಬೆಳಿಗ್ಗೆ ಮಾತ್ರ. ಹೊತ್ತೇರಿದಂತೆ ಕಾಲಿಗಂಡಕಿ ಕಣಿವೆಯಲ್ಲಿ ಗಾಳಿ ಎದ್ದು ಹಾರಾಟ ನಿಲ್ಲುತ್ತದೆ. ಒಂದು ದಿನ ರದ್ದಾದರೆ ನಿಮ್ಮ ವಾಪಸ್ ಟಿಕೆಟ್ ಹೋಯಿತು. ಮುಕ್ತಿನಾಥ 3,700 ಮೀಟರ್ ಮೇಲೆ, ಅಲ್ಲಿ ಎತ್ತರದ ತೊಂದರೆ ನಿಜವಾಗಿಯೂ ಬರುತ್ತದೆ. ಅದಕ್ಕೆ ಎಂಟು ದಿನದ ಬೇರೆ ಪ್ರವಾಸ ಹಾಕಿಕೊಳ್ಳಿ.

ಪ್ರಶ್ನೆ (ಮೈಸೂರಿನ ಸದಸ್ಯೆ): ಊಟ? ನಾವು ಶುದ್ಧ ಸಸ್ಯಾಹಾರಿಗಳು.

ಉತ್ತರ: ದಾಲ್-ಭಾತ್ ಎಲ್ಲೆಡೆ ಸಿಗುತ್ತದೆ. ಅನ್ನ, ಬೇಳೆ, ಪಲ್ಯ ಮತ್ತೆ ಮತ್ತೆ ಬಡಿಸುತ್ತಾರೆ. ಮೆನುವಿನಲ್ಲಿ ‘ಬಫ್’ ಎಂದಿದ್ದರೆ ಎಮ್ಮೆ ಮಾಂಸ. ವೆಜ್ ಮೊಮೊ ಕೇಳಿದರೂ ಸಣ್ಣ ಅಂಗಡಿಗಳಲ್ಲಿ ಬೇಯಿಸುವ ಪಾತ್ರೆ ಒಂದೇ ಇರುತ್ತದೆ, ಕರಿಯುವ ಎಣ್ಣೆಯೂ ಅದೇ. ಅತ್ತೆಯವರಿಗಾಗಿ ‘ಶುದ್ಧ ಶಾಕಾಹಾರಿ’ ಬೋರ್ಡಿನ ಮಾರವಾಡಿ ಭೋಜನಾಲಯವೇ ಸರಿ. ಬಾರಾ ಅಂದರೆ ಬೇಳೆ ಹಿಟ್ಟಿನ ದೋಸೆಯಂಥದ್ದು, ಆದರೆ ಮೇಲೆ ಮೊಟ್ಟೆ, ಕೈಮಾ ಹಾಕುವ ರೂಢಿಯಿದೆ, ಹಾಕಬೇಡಿ ಎಂದು ಮೊದಲೇ ಹೇಳಿ. ನಲ್ಲಿ ನೀರು ಹಲ್ಲುಜ್ಜಲೂ ಬೇಡ.

ಅದೇ ಸದಸ್ಯೆ: ಕೊನೆಯದಾಗಿ, ರುದ್ರಾಕ್ಷಿ, ಒಂದು ಹಳೇ ಕಾಲದ ಹಿತ್ತಾಳೆ ವಿಗ್ರಹ ತರೋಣ ಅಂತ.

ಉತ್ತರ: ಪಂಚಮುಖಿ ಮಾಲೆ ಧಾರಾಳವಾಗಿ ಕೊಳ್ಳಿ, ಅದು ಅಗ್ಗ, ಯಾರೂ ನಕಲಿ ಮಾಡುವ ಗೋಜಿಗೆ ಹೋಗುವುದಿಲ್ಲ. ಏಕಮುಖಿ ಎಂದು ದೇವಸ್ಥಾನದ ಬೀದಿಯಲ್ಲಿ ತೋರಿಸಿದ್ದನ್ನು ಮುಟ್ಟಬೇಡಿ, ಕೆತ್ತಿದ್ದು, ಅಂಟಿಸಿದ್ದು ಬಹಳ. ನೀರಲ್ಲಿ ಮುಳುಗಿಸಿ ತೋರಿಸುವ ಪರೀಕ್ಷೆಗೆ ಅರ್ಥವಿಲ್ಲ. ವಿಗ್ರಹ ಹೊಸದನ್ನೇ ಕೊಳ್ಳಿ. ನೂರು ವರ್ಷಕ್ಕಿಂತ ಹಳೆಯ ವಸ್ತು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಾದರೂ ಹಳೆಯದರ ಹಾಗೆ ಕಂಡರೆ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ, ಅಂಗಡಿಯವರಿಂದ ಬಿಲ್ಲಿನ ಜೊತೆ ಪುರಾತತ್ವ ಇಲಾಖೆಯ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಿ. ಹೊರಡುವ ದಿನ ಮೂರು ಗಂಟೆ ಮುಂಚೆ ಏರ್‌ಪೋರ್ಟಿಗೆ ತಲುಪಿ, ಉಳಿದ ಎನ್‌ಸಿಯನ್ನು ಅಲ್ಲೇ ಖರ್ಚು ಮಾಡಿ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಬದಲಿಸಿಕೊಡುವವರು ಸಿಗುವುದು ಕಷ್ಟ.