ಸಡಿಲವಾದ ಬೋಲ್ಟ್ ರೈಫಲ್‌ನ ಗುರಿಯನ್ನು ಕೆಡಿಸುತ್ತದೆಯೇ?

ಕಾಫಿತೋಟದವ (ವಿರಾಜಪೇಟೆ):

ಮಾನ್ಯರೇ, ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದ, ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೈನ್ಯದ ಹಳೆಯ ರೈಫಲ್) ಮಾದರಿಯ .315 ಬೋಲ್ಟ್ ಆ್ಯಕ್ಷನ್ ರೈಫಲ್ ಒಂದಿದೆ. 50 ಮೀಟರ್ ದೂರದಲ್ಲಿಟ್ಟ ತೆಂಗಿನಕಾಯಿಗೆ ಅದರ ಗುರಿ ತಪ್ಪುವುದು ಅಪರೂಪ. ಆದರೆ 100 ಮೀಟರಿನಲ್ಲಿ ಕಾಗದದ ಗುರಿಗೆ ಹೊಡೆದರೆ ಗುಂಡುಗಳು ಮೇಲಿಂದ ಕೆಳಕ್ಕೆ ಒಂದು ಗೇಣಿನಷ್ಟು ಹರಡುತ್ತವೆ. ಅಗಲದಲ್ಲಿ ಮಾತ್ರ ನಾಲ್ಕು ಬೆರಳನ್ನು ದಾಟುವುದಿಲ್ಲ. ಬೋಲ್ಟನ್ನು, ಅಂದರೆ ತೋಟಾವನ್ನು ಒಳತಳ್ಳಿ ಬ್ಯಾರೆಲ್‌ನ ಹಿಂಬದಿಯನ್ನು ಮುಚ್ಚುವ ಉಕ್ಕಿನ ದಂಡವನ್ನು, ಹಿಂದಕ್ಕೆ ಎಳೆದಾಗ ಅದು ಅತ್ತಿತ್ತ ಅಲುಗಾಡುತ್ತದೆ. ಪರಿಚಯದ ಒಬ್ಬರು ಇದನ್ನು ನೋಡಿ, ಬೇರೆ ಹಳೆಯ ರೈಫಲ್‌ನ ಬಿಗಿಯಾದ ಬೋಲ್ಟ್ ತಂದು ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಸಲಹೆ ನೀಡಿದ್ದಾರೆ. ಬೋಲ್ಟ್ ಮತ್ತು ಬ್ಯಾರೆಲ್‌ಗಳ ಹೊಂದಾಣಿಕೆ ಗುರಿಯ ನಿಖರತೆಯನ್ನು ನಿಜಕ್ಕೂ ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಟೂಲ್‌ರೂಮ್ ರಾಯರು (ಬೆಂಗಳೂರು):

ಬೋಲ್ಟ್ ತೆರೆದಿರುವಾಗ ಎಷ್ಟು ಅಲುಗಾಡುತ್ತದೆ ಎಂಬುದಕ್ಕೂ ಗುರಿಗೂ ಹೆಚ್ಚಿನ ಸಂಬಂಧವಿಲ್ಲ. ಸೈನ್ಯದ ರೈಫಲ್‌ಗಳಲ್ಲಿ ಮಣ್ಣು, ಮರಳು ಹೊಕ್ಕರೂ ಬೋಲ್ಟ್ ಸಿಕ್ಕಿಕೊಳ್ಳಬಾರದೆಂದು ಆ ಸಡಿಲವನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೋಡಬೇಕಾದದ್ದು, ಹಿಡಿ ಕೆಳಗಿಳಿದು ಬೋಲ್ಟ್ ಬೀಗ ಬಿದ್ದ ಮೇಲೆ ಅದರ ಲಗ್‌ಗಳು (ಬೀಗದಂತೆ ಹಿಡಿಯುವ ಉಬ್ಬುಗಳು) ರಿಸೀವರ್‌ನಲ್ಲಿ (ಬೋಲ್ಟ್ ಓಡಾಡುವ, ಬ್ಯಾರೆಲ್ ಜೋಡಿಸಿರುವ ಉಕ್ಕಿನ ಒಡಲಿನಲ್ಲಿ) ಎಲ್ಲಿ ಮತ್ತು ಹೇಗೆ ಕೂರುತ್ತವೆ ಎಂಬುದನ್ನು.

.303 ವರ್ಗದ ತೋಟಾ ಸಿಡಿದಾಗ ಬೋಲ್ಟಿನ ಮುಖದ ಮೇಲೆ ಸುಮಾರು ಎರಡು ಟನ್ನಿನ ಒತ್ತಡ ಬೀಳುತ್ತದೆ. ಎರಡು ಲಗ್‌ಗಳೂ ಸಮನಾಗಿ ಕೂತಿದ್ದರೆ ಆ ಒತ್ತಡ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಒಂದೇ ಲಗ್ ತಾಗಿದ್ದು ಇನ್ನೊಂದರ ಹಿಂದೆ ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಬೋಲ್ಟ್ ಮೊದಲು ಓರೆಯಾಗಿ ಬಾಗಿ, ಆಮೇಲೆ ಎರಡನೆಯ ಲಗ್ ತಾಗುತ್ತದೆ. ಗುಂಡು ಇನ್ನೂ ಬ್ಯಾರೆಲ್‌ನೊಳಗೆ ಇರುವಾಗಲೇ ಈ ಎಳೆದಾಟ ನಡೆಯುವುದರಿಂದ ಬ್ಯಾರೆಲ್ ಕಂಪಿಸುವ ರೀತಿ ಒಂದೊಂದು ಸಲ ಒಂದೊಂದು ತೆರನಾಗುತ್ತದೆ.

ಮೌಸರ್ ಮಾದರಿಗಳಲ್ಲಿ ಲಗ್‌ಗಳು ಬೋಲ್ಟಿನ ಮುಂತುದಿಯಲ್ಲಿ, ಚೇಂಬರ್‌ಗೆ (ಬ್ಯಾರೆಲ್‌ನಲ್ಲಿ ತೋಟಾ ಕೂರುವ ಜಾಗಕ್ಕೆ) ಒತ್ತಿಕೊಂಡೇ ಇರುತ್ತವೆ. ಅಲ್ಲಿನ ತೊಂದರೆ ಇನ್ನೊಂದು ಬಗೆಯದು: ಕುದುರೆ ಎಳೆದು ನಿಂತಾಗ, ಅದನ್ನು ತಡೆದು ಹಿಡಿಯುವ ಸೀಯರ್ ಎಂಬ ಕೊಕ್ಕೆ ಬೋಲ್ಟಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಆಗ ಮೇಲಿನ ಲಗ್ ತನ್ನ ಆಸನದಿಂದ ತುಸು ಬಿಡಿಸಿಕೊಳ್ಳುತ್ತದೆ. ಸ್ಪರ್ಧೆಯ ರೈಫಲ್ ಕಟ್ಟುವವರು ಬೋಲ್ಟಿನ ಸುತ್ತ ಸ್ಲೀವ್ (ಕೊಳವೆಯಂಥ ಕವಚ) ಕೂರಿಸಿ ಹಿಂಭಾಗದ ಸಡಿಲವನ್ನು ತೆಗೆಯುವುದು ಈ ಕಾರಣಕ್ಕೆ. ನಿಮ್ಮದರಲ್ಲಿ ಲಗ್‌ಗಳು ಹಿಂದೆ ಇರುವುದರಿಂದ ಉದ್ದನೆಯ ಬೋಲ್ಟ್ ಪೂರ್ತಿ ಅದುಮಿಕೊಳ್ಳುತ್ತದೆ, ರಿಸೀವರ್ ಹಿಗ್ಗುತ್ತದೆ. ಸಾಲದ್ದಕ್ಕೆ ರಿಸೀವರ್‌ನ ಎಡ ಬಲ ಗೋಡೆಗಳು ಒಂದೇ ಬಲದವೂ ಅಲ್ಲ.

ಪರೀಕ್ಷೆ ಸುಲಭ. ಚೇಂಬರ್ ಖಾಲಿಯಿದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಂಡು, ಲಗ್‌ಗಳ ಹಿಂಬದಿಗೆ ಮಾರ್ಕರ್ ಶಾಯಿ ಬಳಿದು, ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಹಿಡಿಯನ್ನು ಕೆಲವು ಸಲ ಏರಿಸಿ ಇಳಿಸಿ. ನಮ್ಮ ಟೂಲ್‌ರೂಮಿನಲ್ಲಿ ಇದನ್ನೇ ‘ಬ್ಲೂ ಹಚ್ಚಿ ನೋಡುವುದು’ ಎನ್ನುತ್ತೇವೆ. ಎರಡೂ ಕಡೆ ಶಾಯಿ ಅಳಿಸಿದ್ದರೆ ಸಂತೋಷ. ಒಂದು ಕಡೆ ಹಾಗೆಯೇ ಉಳಿದಿದ್ದರೆ ನೀವೇ ಎಮರಿ (ಉಜ್ಜುವ ಪುಡಿ) ಹಚ್ಚಿ ಉಜ್ಜಲು ಹೋಗಬೇಡಿ. ಲಗ್ ಸವೆದಷ್ಟೂ ಬೋಲ್ಟ್ ಹಿಂದೆ ಸರಿಯುತ್ತದೆ, ಹೆಡ್‌ಸ್ಪೇಸ್ (ಬೋಲ್ಟಿನ ಮುಖದ ಮುಂದೆ ತೋಟಾಕ್ಕಿರುವ ಜಾಗ) ಹೆಚ್ಚುತ್ತದೆ.

ಹಳೇ ಆರ್ಮರರ್ (ಮಡಿಕೇರಿ):

ರಾಯರ ಮಾತನ್ನು ಒಪ್ಪುತ್ತೇನೆ. ಆದರೆ ಬೋಲ್ಟ್ ಬದಲಿಸುವ ಸಲಹೆಯ ಬಗ್ಗೆ ಇನ್ನಷ್ಟು ಕಟುವಾಗಿಯೇ ಹೇಳಬೇಕಾಗಿದೆ: ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಲೀ-ಎನ್‌ಫೀಲ್ಡ್‌ಗಳಲ್ಲಿ ಬೋಲ್ಟನ್ನು ಅದರದರ ರಿಸೀವರ್‌ಗೆ ಹೊಂದಿಸಿ, ಎರಡರ ಮೇಲೂ ಒಂದೇ ನಂಬರ್ ಒತ್ತುತ್ತಿದ್ದದ್ದು ಸುಮ್ಮನೆ ಅಲ್ಲ. ಬೇರೆ ಬೋಲ್ಟ್ ಕೈಗೆ ಬಿಗಿಯೆನಿಸಿದರೂ ಅದರ ಲಗ್‌ಗಳು ನಿಮ್ಮ ರಿಸೀವರ್‌ನಲ್ಲಿ ಸಮನಾಗಿ ಕೂರುತ್ತವೆ ಎಂದೇನಿಲ್ಲ, ಹೆಡ್‌ಸ್ಪೇಸ್ ಅಂತೂ ಬದಲಾಗಿಯೇ ಬದಲಾಗುತ್ತದೆ.

ಹೆಡ್‌ಸ್ಪೇಸ್ ಎಂದರೆ, ಈ ಅಂಚುಳ್ಳ ತೋಟಾಗಳ ಮಟ್ಟಿಗೆ, ತೋಟಾದ ಅಂಚು ಕೂರಲು ಬೋಲ್ಟಿನ ಮುಖಕ್ಕೂ ಬ್ಯಾರೆಲ್‌ನ ಹಿಂತುದಿಗೂ ನಡುವೆ ಇರುವ ಜಾಗ. .303ರಲ್ಲಿ ಸೈನ್ಯದ ಮಿತಿ 0.064ರಿಂದ 0.074 ಇಂಚು. ಲೀ-ಎನ್‌ಫೀಲ್ಡ್‌ನದೇ ಆದ ನಂ. 4 ರೈಫಲ್‌ನಲ್ಲಿ ಇದನ್ನು ಸರಿಹೊಂದಿಸಲೆಂದೇ 0ಯಿಂದ 3ರವರೆಗೆ ನಂಬರ್ ಹಾಕಿದ ಬೋಲ್ಟ್ ಹೆಡ್‌ಗಳಿದ್ದವು (ಬೋಲ್ಟಿನ ತುದಿಗೆ ಬಿಡಿಯಾಗಿ ಜೋಡಿಸುವ ಮುಂಭಾಗ). .315 ಬೇರೆ ತೋಟಾ ಆದ್ದರಿಂದ .303ರ ಗೇಜ್ ಅದಕ್ಕೆ ಸಲ್ಲದು. ಸರಿಯಾದ ಗೇಜ್ ಇರುವ ಪರವಾನಗಿ ಪಡೆದ ಗನ್‌ಸ್ಮಿತ್ ಬಳಿಯೇ ಅಳೆಸಿ. ಮಿತಿ ಮೀರಿದ ಹೆಡ್‌ಸ್ಪೇಸ್ ಗುರಿಯನ್ನು ಕೆಡಿಸುವ ಮೊದಲು ಹಿತ್ತಾಳೆಯ ಕೇಸನ್ನು ಬುಡದ ಬಳಿ ಸೀಳುತ್ತದೆ, ಬಿಸಿ ಗ್ಯಾಸ್ ಹೊಡೆಯುವುದು ನಿಮ್ಮ ಮುಖಕ್ಕೆ.

ಇನ್ನು ನಿಮ್ಮ ಗುಂಡುಗಳು ಉದ್ದಕ್ಕೆ ಹರಡಿವೆ, ಅಡ್ಡಕ್ಕೆ ಅಲ್ಲ. ನನ್ನ ಅನುಮಾನ ಬೋಲ್ಟಿಗಿಂತ ಮೊದಲು ಮರದ ಮೇಲೆ ಹೋಗುತ್ತದೆ. ಮುಂಭಾಗದ ಮರದೊಳಗೆ, ರಿಸೀವರ್ ಹಿಂದಕ್ಕೆ ಒದೆಯುವ ಜಾಗದಲ್ಲಿ, ಎರಡು ಭುಜಗಳು ಸಮನಾಗಿ ತಾಗಿರಬೇಕು. ಕೊಡಗಿನ ಮಳೆಗಾಲವನ್ನು ಹತ್ತಾರು ವರ್ಷ ಕುಡಿದ ಮರದಲ್ಲಿ ಅವು ಕುಗ್ಗಿರುವ ಸಂಭವವೇ ಹೆಚ್ಚು. ಹಳೆಯ ತೋಟಾಗಳಾದರೆ ಗುಂಡಿನ ವೇಗವೂ ಏರುಪೇರಾಗುತ್ತದೆ. ವಿಚಿತ್ರವೆಂದರೆ, ಹಿಂದೆ ಬೀಗ ಬೀಳುವ ಇದೇ ರಚನೆ 1000 ಗಜದ ಸ್ಪರ್ಧೆಗಳಲ್ಲಿ ಒಳ್ಳೆಯ ಹೆಸರು ಗಳಿಸಿತ್ತು: ನಿಧಾನದ ಗುಂಡು ಹೊರಬೀಳುವಷ್ಟರಲ್ಲಿ ಬ್ಯಾರೆಲ್‌ನ ಮೂತಿ ತುಸು ಮೇಲಕ್ಕೆದ್ದಿರುವುದರಿಂದ ಅಷ್ಟು ದೂರದಲ್ಲಿ ವೇಗದ ಗುಂಡೂ ನಿಧಾನದ ಗುಂಡೂ ಹತ್ತಿರ ಹತ್ತಿರ ಬೀಳುತ್ತಿದ್ದವು. 100 ಮೀಟರಿನಲ್ಲಿ ಆ ಲಾಭ ನಿಮಗೆ ದಕ್ಕುವುದಿಲ್ಲ.

ಹೊರನಾಡ ಕನ್ನಡಿಗ (ಕ್ಯಾಲ್ಗರಿ):

ಹಿರಿಯರಿಬ್ಬರೂ ಬ್ಯಾರೆಲ್ ವಿಷಯವನ್ನು ತೇಲಿಸಿಬಿಟ್ಟರು ಎಂದು ನನಗನಿಸುತ್ತದೆ. ಬ್ಯಾರೆಲ್ ರಿಸೀವರ್‌ಗೆ ತಿರುಗಿ ಕೂರುವಲ್ಲಿ ಅದರ ಭುಜವೂ ರಿಸೀವರ್‌ನ ಮುಖವೂ ಸುತ್ತಲೂ ಸಮನಾಗಿ ಸೇರದಿದ್ದರೆ, ಬಿಗಿ ಒಂದೇ ಪಕ್ಕಕ್ಕೆ ಬಿದ್ದು, ಬ್ಯಾರೆಲ್ ಬಿಸಿಯಾದಂತೆಲ್ಲ ಗುಂಡುಗಳು ಒಂದೇ ದಿಕ್ಕಿಗೆ ಸಾಲಾಗಿ ಸರಿಯುತ್ತವೆ. ಚೇಂಬರ್ ಬ್ಯಾರೆಲ್‌ನ ನಡುಗೆರೆಗೆ ಹೊಂದದೆ ಕೊರೆದಿದ್ದರೆ ಗುಂಡು ಬ್ಯಾರೆಲ್‌ನ ಒಳಗಿನ ಸುರುಳಿ ಗೀರುಗಳೊಳಗೆ ಓರೆಯಾಗಿ ಹೊಗುತ್ತದೆ. ಅದನ್ನು ಯಾವ ಬೋಲ್ಟೂ ತಿದ್ದಲಾರದು. ಆದ್ದರಿಂದ ನಿಮ್ಮ ಗುಂಡುಗಳು ಬಿದ್ದ ಕ್ರಮವನ್ನು ಬರೆದಿಟ್ಟುಕೊಳ್ಳಿ. ಕ್ರಮವಾಗಿ ಏರುತ್ತ ಹೋದರೆ ಬ್ಯಾರೆಲ್ ಅಥವಾ ಮರ, ಕ್ರಮವಿಲ್ಲದೆ ಮೇಲೆ ಕೆಳಗೆ ಬಿದ್ದರೆ ತೋಟಾ ಅಥವಾ ಲಗ್ ಎಂದು ಹುಡುಕಾಟ ಆರಂಭಿಸಬಹುದು.

ಬಿಗಿ ಬೋಲ್ಟೇ ಒಳ್ಳೆಯದು ಎನ್ನುವವರಿಗೆ ನಾನು ತೋರಿಸುವುದು 1958ರಲ್ಲಿ ಬಂದ ಸ್ಯಾವೇಜ್ 110 ರೈಫಲನ್ನು. ಅದರ ಬೋಲ್ಟ್ ಹೆಡ್ ಬೇಕೆಂದೇ ತುಸು ಸಡಿಲ. ಬೀಗ ಬಿದ್ದಾಗ ಅದು ತಾನಾಗಿ ಹೊಂದಿಕೊಂಡು ಎರಡು ಲಗ್‌ಗಳ ಮೇಲೂ ಕೂರುತ್ತದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಚೆನ್ನಾಗಿ ಗುರಿ ಹೊಡೆಯುತ್ತದೆಂದು ಅದಕ್ಕೆ ಹೆಸರಿದೆ.

ಕಾಫಿತೋಟದವ:

ಮೂವರಿಗೂ ಕೃತಜ್ಞತೆಗಳು. ಶಾಯಿ ಹಚ್ಚಿ ನೋಡಿದೆ, ಎರಡೂ ಕಡೆ ಅಳಿಸಿದೆ. ಬೋಲ್ಟ್ ಬದಲಿಸುವ ಯೋಚನೆ ಕೈಬಿಟ್ಟು, ಮರವನ್ನು ಗನ್‌ಸ್ಮಿತ್‌ಗೆ ತೋರಿಸಲಿದ್ದೇನೆ. ಒಂದು ಸಣ್ಣ ಸಂದೇಹ ಉಳಿದಿದೆ. ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ) ಕೋವಿಯನ್ನು ಶುಚಿಗೊಳಿಸಿ ಪೂಜೆಗಿಡುವಾಗ ಚೇಂಬರ್‌ಗೂ ಧಾರಾಳವಾಗಿ ಎಣ್ಣೆ ಹಚ್ಚುತ್ತೇವೆ, ಮರುದಿನ ಹಾಗೆಯೇ ಸ್ಪರ್ಧೆಗೆ ಒಯ್ಯುತ್ತೇವೆ. ಇದರಿಂದ ತೊಂದರೆಯಿದೆಯೇ ಸರ್?

ಹಳೇ ಆರ್ಮರರ್:

ಇದೆ, ಅದೂ ನಿಮ್ಮ ಮಾದರಿಯಲ್ಲೇ ಹೆಚ್ಚು. ತೋಟಾ ಸಿಡಿದಾಗ ಒಣಗಿದ ಕೇಸ್ ಉಬ್ಬಿ ಚೇಂಬರ್‌ನ ಗೋಡೆಯನ್ನು ಕಚ್ಚಿ ಹಿಡಿದು ಒತ್ತಡದ ಒಂದು ಪಾಲನ್ನು ತಾನೇ ಹೊರುತ್ತದೆ. ಎಣ್ಣೆಯೋ ಮಳೆನೀರೋ ಇದ್ದರೆ ಆ ಹಿಡಿತ ತಪ್ಪಿ ಪೂರ್ತಿ ಹೊರೆ ಬೋಲ್ಟಿನ ಮೇಲೆ ಬೀಳುತ್ತದೆ, ಲಗ್‌ಗಳು ಹಿಂದಿರುವ ರಿಸೀವರ್ ಇನ್ನಷ್ಟು ಹಿಗ್ಗುತ್ತದೆ, ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಲಗ್‌ಗಳ ಹಿಂದೆ ಒಂದು ತೊಟ್ಟು ಗ್ರೀಸ್ ಇರಲಿ. ಚೇಂಬರನ್ನೂ ಬೋಲ್ಟಿನ ಮುಖವನ್ನೂ ಗುಂಡು ಹಾಕುವ ಮೊದಲು ಒಣ ಬಟ್ಟೆಯಿಂದ ಒರೆಸಿ.