ಐದು ಲಕ್ಷದ ಕಾರ್ಡ್ ಉಂಟು, ತಿಂಗಳ ಮಾತ್ರೆಗೆ ಮಾತ್ರ ಕೈಯಿಂದ ದುಡ್ಡು, ಇದೆಂತ ಲೆಕ್ಕ?

ಪೆರ್ಲದವ:
ಎಲ್ರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲದಿಂದ ಒಳಗೆ, ಅಮ್ಮನಿಗೆ ಶುಗರು ಬಿಪಿ ಎರಡೂ ಉಂಟು. ಕೇರಳ ಸರ್ಕಾರದ ಆರೋಗ್ಯ ಯೋಜನೆಯ ಕಾರುಣ್ಯ ಕಾರ್ಡ್ ಮಾಡ್ಸಿದ್ದೇವೆ, ಮನೆಗೆ ವರ್ಷಕ್ಕೆ 5 ಲಕ್ಷದ ವರೆಗೆ ಚಿಕಿತ್ಸೆ ಅಂತ. ಆದ್ರೆ ತಿಂಗಳು ತಿಂಗಳು ಮಂಗಳೂರಿಗೆ ಹೋಗುವ ಬಸ್ಸು, ಡಾಕ್ಟ್ರ ಫೀಸು, ರಕ್ತ ಪರೀಕ್ಷೆ, ಮಾತ್ರೆ, ಜೊತೆಗೆ ಹೋದವರ ಒಂದು ದಿನದ ಕೂಲಿ ಇದ್ಯಾವುದಕ್ಕೂ ಆ ಕಾರ್ಡಿಂದ ಒಂದು ಪೈಸೆ ಇಲ್ಲ. ನಾನೇನೋ ಬೆಂಗಳೂರಿಂದ ಕಳಿಸ್ತೇನೆ, ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕ ದುಡ್ಡಿದ್ದಾಗ ಮಾತ್ರೆ ತಗೊಳ್ತಾರೆ, ಇಲ್ಲದಾಗ ಅರ್ಧರ್ಧ ತುಂಡು ಮಾಡಿ ದಿನ ಬಿಟ್ಟು ದಿನ. ಬಡ ದೇಶ ಅಂದ್ರೆ ಎಲ್ಲ ಕಡೆ ಹೀಗೆಯಾ? ಯಾರಾದ್ರೂ ಸರಿ ಮಾಡಿದ್ದುಂಟಾ?

ಮದ್ದಿನಂಗಡಿ:
ಕಾರ್ಡು ಅಡ್ಮಿಟ್ ಆದ್ರೆ ಮಾತ್ರ ಮಾರಾಯ್ರೆ. ಅಡ್ಮಿಟ್‌ಗೆ ಮುಂಚೆ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಖರ್ಚು ಅದ್ರಲ್ಲಿ ಸೇರ್ತದೆ, ಬರೀ ಓಪಿಗೆ, ಅಂದ್ರೆ ಅಡ್ಮಿಟ್ ಆಗದೆ ಡಾಕ್ಟ್ರಿಗೆ ತೋರಿಸಿ ಬರುದಕ್ಕೆ, ಇಲ್ಲ. ಅಂದ್ರೆ ಶುಗರ್ ಏರಿ ಕಾಲು ಕೊಯ್ಯುವಾಗ ಸರ್ಕಾರ ದುಡ್ಡು ಕೊಡ್ತದೆ, ಕಾಲು ಉಳಿಸುವ ಮಾತ್ರೆಗೆ ಕೊಡುದಿಲ್ಲ. ಆದ್ರೆ ಅಮ್ಮನ ಮಾತ್ರೆಗೆ ಮಂಗಳೂರು ಯಾಕೆ? ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಅಮ್ಲೋಡಿಪಿನ್ ಎಲ್ಲ ಫ್ರೀ. ಚೀಟಿಯಲ್ಲಿ ಕಂಪೆನಿ ಹೆಸರು ಬೇರೆ ಇರ್ತದೆ, ಒಳಗಿನ ಮದ್ದು ಒಂದೇ. ಒಮ್ಮೆ ಚೀಟಿ ತೋರಿಸಿ ಕೇಳಿ, ನೀವೇ ಬದಲಾಯಿಸ್ಲಿಕ್ಕೆ ಹೋಗ್ಬೇಡಿ.

ಅಡಿಕೆ ಸಿಪ್ಪೆ:
ಫ್ರೀ ಉಂಟು ಸರಿ, ಅಲ್ಲಿಗೆ ಮುಟ್ಟುದು ಹೇಗೆ? ನಮ್ಮ ಕಡೆ ಬೆಳಿಗ್ಗೆ ಒಂದು ಬಸ್ಸು, ಅದು ತಪ್ಪಿದ್ರೆ ರಿಕ್ಷಾ, ಹೋದ ಮೇಲೆ ಒಂದು ಮಾತ್ರೆ ಉಂಟು ಇನ್ನೊಂದು ಮುಂದಿನ ವಾರ ಬನ್ನಿ ಅಂತಾರೆ. ಕೊಡುವ ಪುಸ್ತಕ ಮಲಯಾಳದಲ್ಲಿ, ನನ್ನ ಅಜ್ಜಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದ್ಬೇಕು. ಕೊನೆಗೆ ನಮ್ಮ ಊರಿನ ಆಶಾ ಕಾರ್ಯಕರ್ತೆ ಅಕ್ಕ ಮಾತ್ರೆ ಕವರಿನ ಮೇಲೆ ಪೆನ್ನಲ್ಲಿ ಸೂರ್ಯ, ಚಂದ್ರ ಬಿಡಿಸಿ ಕೊಟ್ರು, ಎರಡು ಮಾತ್ರೆ ಆದ್ರೆ ಎರಡು ಸೂರ್ಯ. ಅಂದಿನಿಂದ ಅಜ್ಜಿಗೆ ತಪ್ಪಿದ್ದೇ ಇಲ್ಲ. ಅವರಿಗೆ ಸಿಕ್ಕುವ ಗೌರವಧನ ಕೇಳಿದ್ರೆ ಬೇಸರ ಆಗ್ತದೆ, ಅದು ಬಿಡಿ.

ದೊಡ್ಡ ಆಸ್ಪತ್ರೆ ಕಥೆಯೂ ಗೊತ್ತಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಎಂಬಿಬಿಎಸ್‌ಗೆ ಪರ್ಮಿಷನ್ ಸಿಕ್ಕಿದ್ದು 2025ರಲ್ಲಿ. ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಅಷ್ಟು ವರ್ಷ ಹೆಲಿಕಾಪ್ಟರಲ್ಲಿ ಸುರಿದ ಊರಿದು, ಮೊದಲು ಆಗ್ಬೇಕಾದ್ದು ಇಲ್ಲಿ ಅಲ್ವಾ? 2020 ಮಾರ್ಚಲ್ಲಿ ಕೊರೋನಾ ಅಂತ ಕರ್ನಾಟಕದವರು ಮಂಗಳೂರಿಗೆ ಹೋಗುವ ತಲಪಾಡಿ ಗಡಿ ಬಂದ್ ಮಾಡಿ ಆಂಬ್ಯುಲೆನ್ಸನ್ನೂ ಬಿಡದೆ ಇದ್ದಾಗ ಜನ ಸತ್ತದ್ದು ಯಾರೂ ಮರ್ತಿಲ್ಲ.

ಬ್ಯಾಂಕಾಕ್ ಭಟ್ಟ:
ಪ್ರಶ್ನೆಗೆ ಉತ್ತರ ಹೇಳ್ತೇನೆ, ನಾನು ಥಾಯ್ಲೆಂಡಲ್ಲಿ ಕೆಲಸ ಮಾಡಿದವ. ಅಲ್ಲಿ 2002ರಲ್ಲಿ ಎಲ್ರಿಗೂ ಆರೋಗ್ಯ ಅಂತ ಕಾನೂನು ಮಾಡಿದ್ರು, ಒಂದು ಸಲಕ್ಕೆ 30 ಬಾತ್ ಕೊಟ್ರೆ ಆಯ್ತು, ಓಪಿ, ಮಾತ್ರೆ, ಅಡ್ಮಿಟ್ ಎಲ್ಲ ಅದ್ರಲ್ಲೇ. ಆಗ ಅವರೇನೂ ಶ್ರೀಮಂತ ದೇಶ ಅಲ್ಲ, 1997ರ ಹಣದ ಮುಗ್ಗಟ್ಟು ಕಳೆದು ಕೆಲವೇ ವರ್ಷ ಆಗಿತ್ತು. ಆದ್ರೆ ಅದಕ್ಕೆ ಮುಂಚೆಯೇ ಎಷ್ಟೋ ವರ್ಷ ಜಿಲ್ಲೆ ಜಿಲ್ಲೆಯಲ್ಲಿ ಸಣ್ಣ ಆಸ್ಪತ್ರೆ ಕಟ್ಟಿದ್ರು, ಕಲಿತ ಡಾಕ್ಟ್ರುಗಳು ಹಳ್ಳಿಯಲ್ಲಿ ಕೆಲಸ ಮಾಡ್ಲೇಬೇಕು ಅಂತ ಮಾಡಿದ್ರು. ಓಪಿಗೆ ಆಸ್ಪತ್ರೆಗೆ ದುಡ್ಡು ಬರುದು ತಲೆ ಲೆಕ್ಕದಲ್ಲಿ, ಇಷ್ಟು ಜನ ನಿಮ್ಮ ಪಾಲಿಗೆ, ಇಷ್ಟು ಹಣ ಅಂತ. ಹಾಗಾಗಿ ರೋಗ ಜೋರಾಗುವ ವರೆಗೆ ಕಾದ್ರೆ ಆಸ್ಪತ್ರೆಗೇ ಲಾಸು. ನಮ್ಮಲ್ಲಿ ಕಾರ್ಡು ಮೊದಲು ಬಂತು. ಅಲ್ಲಿಯೂ ಕ್ಯೂ ಉಂಟು, ಸರ್ಕಾರಿ ಡಾಕ್ಟ್ರು ಕೆಲಸ ಬಿಟ್ಟು ಪ್ರೈವೇಟಿಗೆ ಹೋಗುದುಂಟು, ಸ್ವರ್ಗ ಅಂತ ಅಂದ್ಕೊಳ್ಬೇಡಿ.

ಅಡಿಕೆ ಸಿಪ್ಪೆ:
@ಬ್ಯಾಂಕಾಕ್ ಭಟ್ಟ ಕೇರಳದಲ್ಲಿ ಸಣ್ಣ ಆಸ್ಪತ್ರೆಗೆ ಏನು ಬರ ಇಲ್ಲ, ತೆಂಕು ಜಿಲ್ಲೆಗಳಿಗೆ ಹೋಗಿ ನೋಡಿ. ಇಲ್ಲಿಗೆ ಪೋಸ್ಟಿಂಗ್ ಹಾಕಿದ್ರೆ ಮರುದಿನವೇ ಟ್ರಾನ್ಸ್‌ಫರ್ ಅರ್ಜಿ, ಹಾಗಾಗಿ ಬಡ ದೇಶ ಶ್ರೀಮಂತ ದೇಶ ಅಂತ ಹೇಳಿ ಪ್ರಯೋಜನ ಇಲ್ಲ, ಒಂದೇ ರಾಜ್ಯದೊಳಗೇ ಎರಡುಂಟು.

ಪೆರ್ಲದವ:
ಥ್ಯಾಂಕ್ಸ್ ಎಲ್ರಿಗೂ, ಓಪಿ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಕಾರ್ಡ್ ಮಾಡಿದವರು ಯಾರೂ ಹೇಳ್ಲಿಲ್ಲ. ಬೀಡಿ ಅಕ್ಕನಿಗೆ ಈಗ ಎಂತ ಮಾಡ್ಲಿಕ್ಕಾಗ್ತದೆ?

ಮದ್ದಿನಂಗಡಿ:
ವಾರ್ಡ್ ಮೆಂಬರಲ್ಲಿ ಆಶಾ ಕಾರ್ಯಕರ್ತೆಯ ನಂಬ್ರ ಕೇಳಿ, ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಿಂಗಳ ಮಾತ್ರೆ ಒಟ್ಟಿಗೇ ಕೊಡುವ ಹಾಗೆ ಮಾಡ್ಸಿ. ಸ್ಟಾಕ್ ಇಲ್ಲ ಅಂದ್ರೆ ಸುಮ್ಮನೆ ವಾಪಸ್ ಬರ್ಬೇಡಿ. ಕೇರಳದಲ್ಲಿ ಆ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿರುದು, ಮದ್ದಿಗೆ ಪಂಚಾಯತು ತನ್ನ ಫಂಡ್ ಇಡ್ಲಿಕ್ಕೆ ಆಗ್ತದೆ, ಗ್ರಾಮಸಭೆಯಲ್ಲಿ ಬರೆದು ಕೊಡಿ. ಕನ್ನಡದಲ್ಲೇ ಬರೀರಿ, 1969ರ ಕೇರಳ ಅಧಿಕೃತ ಭಾಷಾ ಕಾನೂನಲ್ಲಿ ಕನ್ನಡದವರಿಗೆ ಆ ಹಕ್ಕುಂಟು. ಮತ್ತೆ ಆ ಅರ್ಧ ಮಾತ್ರೆ ನಿಲ್ಲಿಸ್ಲಿಕ್ಕೆ ಹೇಳಿ, ಕೆಲವು ಮಾತ್ರೆ ತುಂಡು ಮಾಡ್ಲೇಬಾರ್ದು. ಅಷ್ಟರವರೆಗೆ ಜನೌಷಧಿ ಅಂಗಡಿ ನೋಡಿ, ರೇಟು ತುಂಬಾ ಕಮ್ಮಿ.