ನಡುವಯಸ್ಸು ದಾಟಿದವರಿಗೆ ಪ್ರೋಗ್ರಾಮಿಂಗ್: ಕಲಿಸಿದವರ ಅನುಭವ

ಡೊಂಬಿವಲಿಯಿಂದ ಕೋರಿಕೆ:

ನಮ್ಮ ಕನ್ನಡ ಬಳಗದ ವತಿಯಿಂದ ಭಾನುವಾರಗಳಂದು ವಯಸ್ಕರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಬೇಕೆಂದಿದ್ದೇವೆ. ಹೆಸರು ಕೊಟ್ಟವರಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಹೋಟೆಲ್ ನಡೆಸುವವರು, ಮಕ್ಕಳು ಕಾಲೇಜು ಸೇರಿದ ಮೇಲೆ ಬಿಡುವು ದೊರೆತ ಗೃಹಿಣಿಯರು ಇದ್ದಾರೆ. ನನ್ನದು ಪ್ರೋಗ್ರಾಮರ್ ವೃತ್ತಿ. ಪಾಠ ಹೇಳಿದ ಅನುಭವವಿಲ್ಲ. ಎಲ್ಲಿಂದ ಆರಂಭಿಸಬೇಕು, ಕನ್ನಡದಲ್ಲಿಯೇ ಕಲಿಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮುಲುಂಡ್‌ನಿಂದ:

ಇಂಥ ತರಗತಿಯನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ವಯಸ್ಸಾದವರಿಗೆ ತರ್ಕ ತಲೆಗೆ ಹತ್ತುವುದಿಲ್ಲವೆಂಬ ಅಭಿಪ್ರಾಯವಿದ್ದರೆ ಮೊದಲು ಅದನ್ನು ಬಿಡಿ. ನೌಕರಿಯುದ್ದಕ್ಕೂ ಲೆಡ್ಜರ್ ಬರೆದವರಿಗೆ ತರ್ಕ ನಮಗಿಂತ ಚೆನ್ನಾಗಿ ಗೊತ್ತು. ಅವರು ಎಡವುವುದು ಬೇರೆ ಕಡೆ. ‘ಶಿಲ್ಕು = ಶಿಲ್ಕು + ಜಮೆ’ ಎಂದು ಬೋರ್ಡಿನ ಮೇಲೆ ಬರೆದೊಡನೆ, ಶಾಲೆಯಲ್ಲಿ ಬೀಜಗಣಿತವನ್ನು ಚೆನ್ನಾಗಿ ಕಲಿತವರೇ ಎಡಬಲಗಳೆರಡೂ ಸಮವಾಗುವುದು ಹೇಗೆಂದು ತಕರಾರು ತೆಗೆಯುತ್ತಾರೆ. ತಕರಾರು ನ್ಯಾಯವಾದದ್ದೇ. ಬಲಗಡೆಯ ಲೆಕ್ಕ ಮೊದಲು ಮುಗಿಯುತ್ತದೆ, ಬಂದ ಮೊತ್ತ ಎಡಗಡೆಯ ಹೆಸರಿಗೆ ಹೋಗಿ ಕೂರುತ್ತದೆ ಎಂದು ಹೇಳಿ, ಪಾಸ್‌ಬುಕ್ಕಿನ ನಾಲ್ಕಾರು ನಮೂದುಗಳನ್ನು ಅವರ ಕೈಯಿಂದಲೇ ಕಾಗದದ ಮೇಲೆ ಮಾಡಿಸಿದರೆ ಗೊಂದಲ ಅಲ್ಲಿಗೇ ಬಗೆಹರಿಯುತ್ತದೆ.

ಇನ್ನೊಂದು ಪ್ರಶ್ನೆಗೂ ಸಿದ್ಧರಾಗಿರಿ. 0.1 + 0.2 ಎಷ್ಟೆಂದು ಕೇಳಿದರೆ ಪೈಥಾನ್ 0.30000000000000004 ಎನ್ನುತ್ತದೆ. ಕಾಲೇಜು ಹುಡುಗರು ಇದನ್ನು ನೋಡಿ ನಕ್ಕು ಮುಂದೆ ಹೋಗುತ್ತಾರೆ. ನಿವೃತ್ತ ಕ್ಯಾಷಿಯರ್ ಹೋಗುವುದಿಲ್ಲ, ಪೈಸೆ ತಾಳೆಯಾಗದ ಯಂತ್ರವನ್ನು ನಂಬುವುದಾದರೂ ಹೇಗೆಂದು ಕೇಳುತ್ತಾರೆ. ಮೂರನೆಯ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಪೂರ್ತಿ ಬರೆದು ಮುಗಿಸಲಾರೆವಲ್ಲ, ಹತ್ತನೆಯ ಒಂದು ಭಾಗವನ್ನು ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನದಲ್ಲಿ ಬರೆಯಹೊರಟ ಕಂಪ್ಯೂಟರಿನ ಪಾಡೂ ಅದೇ ಎಂದು ವಿವರಿಸಿ, ಹಣವನ್ನೆಲ್ಲ ಪೈಸೆಗಳ ಪೂರ್ಣಾಂಕವಾಗಿ ಇಟ್ಟುಕೊಳ್ಳುವ ರೂಢಿಯನ್ನು, ಇಲ್ಲವೇ ದಶಮಾಂಶದಲ್ಲೇ ಲೆಕ್ಕ ಹಾಕಲು ಪೈಥಾನ್ ಜೊತೆಗೇ ಬರುವ ‘ಡೆಸಿಮಲ್’ ಮಾಡ್ಯೂಲನ್ನು ತೋರಿಸಿ. ಈ ಒಂದು ಪ್ರಶ್ನೆಯಿಂದ ನನ್ನ ತರಗತಿಗೆ ಬಂದ ಕಳೆ ಬೇರಾವ ಪಾಠದಿಂದಲೂ ಬಂದಿಲ್ಲ.

ಭಾನುವಾರವೆಂದಿದ್ದೀರಿ, ಹಳಿ ದುರಸ್ತಿಗೆಂದು ಮುಂಬಯಿಯ ಲೋಕಲ್ ರೈಲುಗಳನ್ನು ತಡೆಯುವ ಮೆಗಾ ಬ್ಲಾಕನ್ನು ಮರೆಯಬೇಡಿ. ಕಲ್ಯಾಣದ ಕಡೆಯವರು ಒಂದು ವಾರ ತಪ್ಪಿಸಿಕೊಂಡರೂ ಮುಂದಿನ ವಾರ ದಾರಿ ತಪ್ಪದಂತೆ, ಆಯಾ ದಿನದ ಪಾಠ ಆಯಾ ದಿನವೇ ಮುಗಿಯಲಿ.

ಪುಣೆಯ ಕೋಥ್ರೂಡ್‌ನಿಂದ:

ಕನ್ನಡದಲ್ಲಿ ಧಾರಾಳವಾಗಿ ಕಲಿಸಬಹುದು. ‘ಇಫ್’, ‘ಫಾರ್’, ‘ಪ್ರಿಂಟ್’ಗಳನ್ನು ಅನುವಾದಿಸುವ ಗೋಜು ಬೇಡ; ಹತ್ತಿಪ್ಪತ್ತು ಪದಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಆದರೆ ಚರಗಳ, ಅಂದರೆ ‘ಶಿಲ್ಕು’ವಿನಂತೆ ಮೌಲ್ಯವನ್ನು ಇಟ್ಟುಕೊಳ್ಳುವವುಗಳ, ಹೆಸರು ಕನ್ನಡದಲ್ಲಿರಲು ಅಡ್ಡಿಯಿಲ್ಲ: 2008ರಲ್ಲಿ ಬಂದ ಪೈಥಾನ್ 3 ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪುತ್ತದೆ, ಕನ್ನಡ ಅಂಕಿಗಳಲ್ಲಿ ‘೧೨’ ಎಂದು ಕೊಟ್ಟರೂ, ಅಕ್ಷರಗಳನ್ನು ಪೂರ್ಣಾಂಕವಾಗಿಸುವ ‘ಇಂಟ್’ ಅದನ್ನು ಹನ್ನೆರಡೆಂದೇ ಓದುತ್ತದೆ. ಒಂದೇ ತೊಡಕು. ‘ಬಿಲ್‌ಮೊತ್ತ’ ಎಂದು ಬರೆಯುವಾಗ ‘ಮೊ’ ಒತ್ತಕ್ಷರವಾಗದಿರಲೆಂದು ‘ಲ್’ ಆದ ಮೇಲೆ ಕಣ್ಣಿಗೆ ಕಾಣದ ಸಂಕೇತವೊಂದು ಸೇರಿರುತ್ತದೆ. ಹೆಸರಿನೊಳಗೆ ಆ ಸಂಕೇತವನ್ನು ಪೈಥಾನ್ ಸಹಿಸುವುದಿಲ್ಲ, ಸಿಂಟ್ಯಾಕ್ಸ್ (ಭಾಷೆಯ ಬರವಣಿಗೆಯ ನಿಯಮದ) ದೋಷವೆನ್ನುತ್ತದೆ. ನೋಡುವವರಿಗೆ ತಪ್ಪೇ ಕಾಣದು. ಆದ್ದರಿಂದ ‘ಬಿಲ್ಲಿನ_ಮೊತ್ತ’ ಎಂಬಂತಹ ಹೆಸರುಗಳನ್ನು ಮೊದಲೇ ರೂಢಿ ಮಾಡಿಸಿ.

ದೋಷದ ಸಂದೇಶವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದನ್ನು ಮೊದಲ ದಿನವೇ ಕಲಿಸಿ. ಕೆಂಪು ಅಕ್ಷರ ಕಂಡೊಡನೆ ತಮ್ಮಿಂದ ಏನೋ ಕೆಟ್ಟಿತೆಂದು ಕೈ ಹಿಂದೆಗೆಯುವವರು ಹಿರಿಯರಲ್ಲಿ ಹೆಚ್ಚು. ಪೈಥಾನ್ 3.10 ಅಥವಾ ಅನಂತರದ ಆವೃತ್ತಿಯನ್ನೇ ಹಾಕಿಸಿ; ಯಾವ ಆವರಣ ಚಿಹ್ನೆಯನ್ನು ಮುಚ್ಚಿಲ್ಲವೆಂಬುದನ್ನು ಅದು ಬೆರಳಿಟ್ಟು ತೋರಿಸುತ್ತದೆ.

ಮಡಗಾಂವ್‌ನಿಂದ:

ಮುಲುಂಡ್‌ನವರು ಹೇಳಿದ ದ್ವಿಮಾನದ ವಿವರಣೆ ಬ್ಯಾಂಕಿನವರಿಗೆ ಸರಿ. ಹೋಟೆಲಿನವರಿಗೆ ಅಷ್ಟು ಬೇಗ ಬೇಡವೆಂದು ನನ್ನ ಅಭಿಪ್ರಾಯ. ಅವರಿಗೆ ಬಿಲ್ಲಿನಿಂದಲೇ ಆರಂಭಿಸಿ. 2 ಪ್ಲೇಟ್ ಇಡ್ಲಿ, ಮೇಲೆ 3 ಪ್ಲೇಟ್, ಒಟ್ಟು 23 ಪ್ಲೇಟ್ ಎಂದು ಪರದೆ ತೋರಿಸಿದಾಗ, ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ‘ಇನ್‌ಪುಟ್’ ಮೂಲಕ ಬಂದದ್ದೆಲ್ಲ ಅಂಕಿಯಲ್ಲ, ಬರಿಯ ಅಕ್ಷರಗಳ ಸಾಲು ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ಟೈಪಿಂಗ್ ಬಾರದವರಿಗೆ ಒಂದು ಉಪಾಯವಿದೆ. ಸರಿಯಾದ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮುದ್ರಿಸಿ, ಕಲಸಿ, ಕ್ರಮವಾಗಿ ಜೋಡಿಸಲು ಕೊಡಿ. ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ ಅವರು 2006ರಲ್ಲಿ ಮುಂದಿಟ್ಟ ಈ ಅಭ್ಯಾಸದಲ್ಲಿ ಕೀಲಿಮಣೆಯ ಕಾಟವಿಲ್ಲ, ಗಮನವೆಲ್ಲ ತರ್ಕದ ಮೇಲಿರುತ್ತದೆ. ಇಬ್ಬಿಬ್ಬರನ್ನು ಜೊತೆಯಾಗಿ ಕೂರಿಸಿ. ಗಂಡಹೆಂಡತಿಯರು ಬಂದಿದ್ದರೆ ಮಾತ್ರ ಬೇರೆ ಬೇರೆ ಮೇಜು ಕೊಡಿ, ಇಲ್ಲವಾದರೆ ಚೀಟಿಗಳೆಲ್ಲ ಒಬ್ಬರ ಕೈಯಲ್ಲೇ ಉಳಿಯುತ್ತವೆ.